ಮೂವತ್ತೇಳು ತೆಂಗಿನ ಮರದಾಚೆಯ ಮೋಟಾರು

ತಪ್ಪು ಕೈಯದೇ ಇರಬೇಕು. ಇಲ್ಲವೇ ಕಣ್ಣಿನದು. ವಯಸ್ಸು ಐವತ್ತೆರಡು ದಾಟಿದ ಮೇಲೆ ತಂತಿಯ ಸುತ್ತು ಎಣಿಸುವಾಗ ಕಣ್ಣು ಒಂದೆರಡನ್ನು ನುಂಗಿಬಿಡುತ್ತದೋ ಏನೋ. ಇಲ್ಲದಿದ್ದರೆ ಒಂದೇ ಮೋಟಾರು ಒಂಬತ್ತು ತಿಂಗಳಲ್ಲಿ ಮೂರು ಸಲ ಯಾಕೆ ಸುಡಬೇಕು?

ವೇಲುಸಾಮಿ ಮೋಟಾರಿನ ಒಳಗೆ ಬೆರಳಾಡಿಸಿ ನೋಡಿದ. ಹೊಸ ತಾಮ್ರದ ತಂತಿ, ಒಣಗಿದ ವಾರ್ನಿಷ್, ಬಿಗಿಯಾದ ಕಟ್ಟು. ಎಲ್ಲ ಸರಿಯಾಗಿತ್ತು. ಮೊದಲೆರಡು ಸಲವೂ ಹೀಗೇ ಸರಿಯಾಗಿತ್ತು.

ತಮಿಳುನಾಡಿನ ಮಡತ್ತುಕುಳಂ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಕರಿ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವ ಕೆಲಸ, ಮೂವತ್ತು ವರ್ಷದಿಂದ. ಅಮರಾವತಿ ಹೊಳೆಯ ಈಚೆ ಆಚೆ ನೀರೆತ್ತುವ ಮೋಟಾರುಗಳಲ್ಲಿ ಅವನ ಕೈ ತಾಗದವು ಕಡಿಮೆ. ಇಲ್ಲಿಯವರೆಗೆ ಯಾರೂ ಒಂದು ಮಾತು ಅಂದಿರಲಿಲ್ಲ. ಈಗ ಅಂದವಳು ಸ್ವಂತ ಅಕ್ಕ ಕಮಲಾತಾಳ್.

"ನಿನ್ನ ಕಾಯಿಲ್‌ಗಿಂತ ನನ್ನ ತುರುಬೇ ಹೆಚ್ಚು ದಿವಸ ನಿಲ್ಲುತ್ತೆ ಕಣೋ ವೇಲು" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಹೇಳಿ ಹೋಗಿದ್ದಳು. "ನನ್ನ ಸಣ್ಣ ಈರುಳ್ಳಿ ಬಾಯಾರಿ ನಿಂತಿದೆ. ಭಾನುವಾರ ಮೋಟಾರು ಬರಲಿಲ್ಲ ಅಂದರೆ ನೀನೇ ಬಂದು ಕೊಡದಲ್ಲಿ ಹೊತ್ತು ಹಾಕು."

ಇವತ್ತು ಭಾನುವಾರ. ಹೊರಗೆ ಆಷಾಢದ, ಇಲ್ಲಿಯವರ ಆಡಿ ತಿಂಗಳ ಗಾಳಿ ಬೀದಿಯ ಧೂಳನ್ನೆಲ್ಲ ಎತ್ತಿ ತಂದು ಅಂಗಡಿಯೊಳಗೆ ಸುರಿಯುತ್ತಿತ್ತು. ವೇಲುಸಾಮಿ ಧೂಳು ಒರೆಸಿದ. ಗೋಡೆ ಪಕ್ಕದ ಮರದ ಹಲಗೆಯನ್ನೂ ಒರೆಸಿದ. ಆ ಹಲಗೆಯ ಮೇಲೆ ಎಂಟು ದಿನದಿಂದ ಯಾರೂ ಕೂತಿಲ್ಲ. ಅಂಗಡಿಯಲ್ಲಿ ಸಾಮಾನು ಇಡಲು ಜಾಗವಿಲ್ಲ, ಆದರೂ ಅವನು ಅದರ ಮೇಲೆ ಏನನ್ನೂ ಇಟ್ಟಿರಲಿಲ್ಲ.

ಅದು ಮಗಳು ಗೋಕಿಲಾ ಕೂರುವ ಜಾಗ. ಅವಳು ಉಡುಮಲೈ ರಸ್ತೆಯ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಪಾಠಕ್ಕೆ ಸೇರಿ ಒಂದು ವರ್ಷವೂ ಆಗಿಲ್ಲ. ಸೇರಿಸಿದ ದಿನ ವೇಲುಸಾಮಿಯೇ ಜೊತೆಗೆ ಹೋಗಿದ್ದ. ಗೇಟಿನ ತನಕ ಹೋಗಿ ನಿಂತುಬಿಟ್ಟ. "ಒಳಗೆ ಬಾಪ್ಪಾ" ಎಂದು ಮಗಳು ಕೈ ಹಿಡಿದು ಎಳೆದಾಗ, "ಕೆಲಸ ಇದೆ" ಎಂದವನು ಬಹಳ ಹೊತ್ತು ಅಲ್ಲೇ ನಿಂತಿದ್ದು ಬಸ್ ಹತ್ತಿದ.

ಆಮೇಲೆ ದಿನಾ ಸಂಜೆ ಅವಳು ಬಸ್ ಇಳಿದು ಸೀದಾ ಅಂಗಡಿಗೆ ಬರುವಳು. ಹಲಗೆಯ ಮೇಲೆ ಕೂತು ತಮಿಳು ಪುಸ್ತಕ ಬಿಡಿಸಿ ಜೋರಾಗಿ ಓದುವಳು. ವೋಲ್ಟ್ ಅಂದರೆ ಇದು, ಆಂಪಿಯರ್ ಅಂದರೆ ಇದು, ತಂತಿ ತನ್ನೊಳಗೆ ಹರಿಯುವ ಕರೆಂಟನ್ನು ತಡೆಯುವ ಶಕ್ತಿಗೆ ರೋಧ ಅಂತ ಹೆಸರು, ಅದನ್ನು ಅಳೆಯುವುದು ಓಮ್‌ನಲ್ಲಿ. ವೇಲುಸಾಮಿ ತಲೆ ಎತ್ತದೆ ತಂತಿ ಸುತ್ತುವನು. ಆದರೆ ಆ ಒಂದು ಗಂಟೆ ಅವನ ಕೈ ನಿಧಾನವಾಗುತ್ತಿತ್ತು. ಅವನಿಗೇ ಗೊತ್ತಿಲ್ಲದಂತೆ ಅವನು ಬಸ್ಸಿನ ಸದ್ದಿಗೆ ಕಾಯುವುದನ್ನು ಕಲಿತಿದ್ದ.

ಎಂಟು ದಿನದ ಹಿಂದೆ ಅವಳು ಪುಸ್ತಕದಿಂದ ತಲೆ ಎತ್ತಿ ಕೇಳಿದ್ದಳು: "ಅಪ್ಪಾ, ಈ ಲೆಕ್ಕ ಎಲ್ಲ ನಿನ್ನ ಕೆಲಸದಲ್ಲಿ ಎಲ್ಲಿ ಬರುತ್ತೆ?"

ಅವಳು ತಿಳಿಯಬೇಕೆಂದೇ ಕೇಳಿದ್ದಳು. ಅವತ್ತೇ ಅಕ್ಕನ ಮೋಟಾರು ಮೂರನೇ ಸಲ ಬಂದಿತ್ತು. ವೇಲುಸಾಮಿಯ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಮೂವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಬೇಕಾಗಿಲ್ಲ. ಇದರಿಂದ ಏನು ಉಪಯೋಗ?"

ಗೋಕಿಲಾ ಪುಸ್ತಕ ಮಡಿಸಿದಳು. ಸೋಮವಾರ ಬಸ್ಸಿಗೆ ಹೋಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ತಾಯಿ ವಳ್ಳಿಯಮ್ಮ ತಾನು ಹೋಗುವ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೇಳಿ, ಬರುವ ಸೋಮವಾರದಿಂದ ಬಟ್ಟೆ ಚೆಕಿಂಗ್ ಕೆಲಸಕ್ಕೆ ಮಗಳನ್ನು ಕರೆತರುವುದಾಗಿ ಹೇಳಿ ಬಂದಳು. ಗೋಕಿಲಾ ಪುಸ್ತಕದ ಚೀಲವನ್ನು ಮೂಲೆಗೆ ಹಾಕಿದಳು. ಮನೆಯಲ್ಲಿ ತಂದೆ ಮಗಳು ಎದುರಾದರೆ ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಬೈದಾಡಿದ್ದರೆ ಆ ಎಂಟು ದಿನ ಸುಲಭವಾಗಿ ಕಳೆಯುತ್ತಿದ್ದವು.

ಹತ್ತು ಗಂಟೆಯ ಹೊತ್ತಿಗೆ ಅಂಗಡಿ ಮುಂದೆ ಒಬ್ಬ ಹೆಂಗಸು ನಿಂತರು. ಕೈಯಲ್ಲಿ ಚೀಲ, ಸೆರಗೆಲ್ಲ ಗಾಳಿಯ ಧೂಳು.

"ಗೋಕಿಲಾ ಅಪ್ಪ ನೀವೇನಾ ಅಣ್ಣಾ? ನಾನು ತೆನ್ಮೊಳಿ. ಅವಳ ಟೀಚರ್."

ಅವರು ತನ್ನ ಮನೆಮಾತಾದ ಕನ್ನಡದಲ್ಲೇ ಮಾತಾಡಿದ್ದು ಕೇಳಿ ವೇಲುಸಾಮಿ ತಡವರಿಸಿದ. ತೆನ್ಮೊಳಿ ನಕ್ಕರು. "ನಮ್ಮ ಮನೆಯಲ್ಲೂ ಕನ್ನಡವೇ. ಮೆಟ್ಟುಪಾಳ್ಯಂ ಕಡೆ. ತರಗತಿಯಲ್ಲಿ ತಮಿಳು, ಬೈಯೋದಿದ್ದರೆ ಮಾತ್ರ ಕನ್ನಡ. ಅವಳಿಗೆ ಇನ್ನೂ ನನ್ನ ಕನ್ನಡ ಕೇಳುವ ಅವಕಾಶ ಸಿಕ್ಕಿಲ್ಲ."

ವೇಲುಸಾಮಿ ಸ್ಟೂಲು ಎಳೆದು ಹಾಕಿದ. ಅವರು ಹಲಗೆಯ ಮೇಲೆ ಕೂರಲು ಹೋದಾಗ, "ಅದು ಬೇಡ ಟೀಚರಮ್ಮ, ಇಲ್ಲಿ ಕೂತ್ಕೊಳ್ಳಿ" ಎಂದ.

"ಎಂಟು ದಿನ ಆಯಿತು ಅವಳು ಬಂದು. ನಾಳೆಯೂ ಬರದಿದ್ದರೆ ಹೆಸರು ತೆಗೀಬೇಕಾಗುತ್ತೆ ಅಣ್ಣಾ. ಆಮೇಲೆ ನಾನು ಕೇಳಿದರೂ ಸೇರಿಸಲ್ಲ. ಹುಷಾರಿಲ್ಲವಾ?"

"ಹುಷಾರಾಗಿದ್ದಾಳೆ. ನಾಳೆಯಿಂದ ಕಂಪನಿಗೆ ಹೋಗ್ತಾಳೆ."

"ಯಾಕೆ?"

ವೇಲುಸಾಮಿ ಸ್ಪ್ಯಾನರ್ ಎತ್ತಿಟ್ಟ. ಮತ್ತೆ ತೆಗೆದ. "ತಪ್ಪು ತಿಳೀಬೇಡಿ. ನಿಮ್ಮ ಪುಸ್ತಕ ಬೇರೆ, ಕೆಲಸ ಬೇರೆ. ನಾನು ಒಂದು ಸೂತ್ರವೂ ಓದಿಲ್ಲ. ಕೈಯೇ ಓದೋದು. ಈ ಬೀದಿಯಲ್ಲಿ ಯಾರನ್ನಾದರೂ ಕೇಳಿ."

"ನನ್ನನ್ನು ಕೇಳಿ" ಎಂದಿತು ಬಾಗಿಲಲ್ಲಿ ಒಂದು ದನಿ. ಕಮಲಾತಾಳ್ ಚಿಕ್ಕ ಟೆಂಪೊ ಕರೆದುಕೊಂಡೇ ಬಂದಿದ್ದಳು. "ಇವನ ಕೈ ಓದಿದ್ದಕ್ಕೆ ನನ್ನ ಮೋಟಾರು ಮೂರು ಸಲ ಸ್ಮಶಾನ ನೋಡಿ ಬಂದಿದೆ."

"ಇಲ್ಲಿ ಓಡುತ್ತೆ ಅಕ್ಕಾ. ನಿನ್ನ ಕಣ್ಣೆದುರಿಗೇ ಓಡಿಸಿ ತೋರಿಸ್ತೀನಿ."

"ಅಂಗಡಿಯಲ್ಲಿ ಓಡಿದರೆ ನನ್ನ ಈರುಳ್ಳಿಗೆ ಏನು ಬಂತು? ಹೊಲದಲ್ಲಿ ಓಡಲಿ."

ತೆನ್ಮೊಳಿ ಮೋಟಾರಿನ ಹತ್ತಿರ ಬಾಗಿ ನೋಡಿದರು. ಅಂಗಡಿಯ ಸ್ವಿಚ್ಚಿನ ಹಲಗೆ ನೋಡಿದರು. ಎರಡರ ನಡುವೆ ಇದ್ದ ತಂತಿ ನೋಡಿದರು. ಎರಡು ಮಾರು ಉದ್ದ ಇದ್ದೀತು.

"ಕೆಲಸ ಚೆನ್ನಾಗಿದೆ ಅಣ್ಣಾ" ಎಂದರು. "ಅಕ್ಕಾ, ನಿಮ್ಮ ಹೊಲದಲ್ಲಿ ಸ್ಟಾರ್ಟರ್ ಪೆಟ್ಟಿಗೆಯಿಂದ ಮೋಟಾರಿಗೆ ಎಷ್ಟು ದೂರ?"

"ಮೊದಲು ಪಕ್ಕದಲ್ಲೇ ಇತ್ತು. ಆ ಬಾವಿ ಕೈಕೊಟ್ಟಿತು. ಹೋದ ವರ್ಷ ಹೊಸ ಬಾವಿ ತೋಡಿದ್ದು ಹೊಲದ ಆ ಕೊನೆಯಲ್ಲಿ. ಕಂಬ, ಪೆಟ್ಟಿಗೆ ಎಲ್ಲ ರಸ್ತೆ ಕಡೆನೇ ಇದೆ. ಕಂಬ ಜಾಗ ಬದಲಿಸಬೇಕು ಅಂದರೆ ಬರೆದುಕೊಡಬೇಕು, ಕಾಯಬೇಕು. ಅದಕ್ಕೆ ಎಲ್ಲರೂ ಮಾಡೋ ಹಾಗೆ ಕೇಬಲ್ ಎಳೆದುಬಿಟ್ಟೆ. ಮೂವತ್ತೇಳು ತೆಂಗಿನ ಮರ ದೂರ."

ಒಳಬಾಗಿಲ ಹತ್ತಿರ ಬಟ್ಟೆ ಸರಿದ ಸದ್ದಾಯಿತು. ಅಂಗಡಿಯ ಹಿಂದೆಯೇ ಮನೆ. ಗೋಕಿಲಾ ಯಾವಾಗಿನಿಂದಲೋ ಅಲ್ಲಿ ನಿಂತಿದ್ದಳು.

ತೆನ್ಮೊಳಿ ಅವಳತ್ತ ತಿರುಗಲಿಲ್ಲ. ಮೋಟಾರನ್ನೇ ನೋಡುತ್ತ ಕೇಳಿದರು. "ಎರಡನೇ ಪಾಠದಲ್ಲಿ ನಾವು ಏನು ಓದಿದೆವು?"

ಟೆಂಪೊದವನು ಹೊರಗೆ ಒಮ್ಮೆ ಹಾರ್ನ್ ಮಾಡಿದ.

"ತಂತಿ ಉದ್ದ ಆದಷ್ಟು ರೋಧ ಜಾಸ್ತಿ" ಎಂದಳು ಗೋಕಿಲಾ ಮೆಲ್ಲಗೆ. "ದಪ್ಪ ಆದಷ್ಟು ಕಡಿಮೆ." ಆಮೇಲೆ ಅತ್ತೆಯ ಕಡೆ ನೋಡಿ, "ಅತ್ತೆ, ಮರದಿಂದ ಮರಕ್ಕೆ ಎಷ್ಟು ಅಡಿ?"

"ಇಪ್ಪತ್ತೈದು. ನಿಮ್ಮ ತಾತ ಹಗ್ಗ ಹಿಡಿದು ಅಳೆದು ನೆಟ್ಟಿದ್ದು."

"ಮೂವತ್ತೇಳು ಮರ ಅಂದರೆ ನಡುವೆ ಮೂವತ್ತಾರು. ಒಂಬೈನೂರು ಅಡಿ." ಅವಳು ಒಳಗೆ ಹೋಗಿ ಪುಸ್ತಕ ತಂದಳು. ಎಂಟು ದಿನದ ಮೇಲೆ ಆ ಪುಸ್ತಕವನ್ನು ಕಂಡ ವೇಲುಸಾಮಿ ಸುಮ್ಮನೆ ಬೇರೆ ಕಡೆ ನೋಡಿದ.

ಮಧ್ಯಾಹ್ನದೊಳಗೆ ಎಲ್ಲರೂ ಹೊಲದಲ್ಲಿದ್ದರು. ವೇಲುಸಾಮಿ ಮೋಟಾರು ಕೂರಿಸಿದ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ನಿಂತು ಓಡಿಸಿದ. ನೀರು ಬಂತು. ತೆನ್ಮೊಳಿ ಚೀಲದಿಂದ ರಬ್ಬರ್ ಕೈಗವಸು ಮತ್ತು ಮೀಟರ್ ತೆಗೆದರು.

"ಇದು ಆಟ ಅಲ್ಲ" ಎಂದರು ಗೋಕಿಲಾಗೆ. "ಹರಿಯೋ ಕರೆಂಟನ್ನು ಅಳೆಯೋದು ಅಪ್ಪ, ನಾನು. ನೀನು ದೂರ ನಿಂತು ಬರೆದುಕೋ."

ಪೆಟ್ಟಿಗೆಯಲ್ಲಿ ಮುನ್ನೂರ ತೊಂಬತ್ತು ವೋಲ್ಟ್. "ಇದನ್ನು ನಾನು ಆಗಲೇ ನೋಡಿದ್ದೆ" ಎಂದ ವೇಲುಸಾಮಿ. "ಬರಬೇಕಾದ ನಾನೂರ ಹದಿನೈದಕ್ಕಿಂತ ಸ್ವಲ್ಪ ಕಡಿಮೆಯೇ. ಆದರೆ ಸುಡುವಷ್ಟಲ್ಲ." ತಂತಿಯನ್ನು ತಬ್ಬಿ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಅವನ ಹತ್ತಿರವೇ ಇತ್ತು. ಅದು ಒಂಬತ್ತು ಆಂಪಿಯರ್ ತೋರಿಸಿತು. ಆಮೇಲೆ ಎಲ್ಲರೂ ಮೂವತ್ತೇಳು ಮರಗಳ ಉದ್ದಕ್ಕೂ ನಡೆದು ಬಾವಿಯ ಹತ್ತಿರ ಹೋದರು. ಮೋಟಾರಿಗೆ ತಂತಿ ಸೇರುವ ಬಾಯಲ್ಲಿ ಮೀಟರ್ ಹಿಡಿದ ವೇಲುಸಾಮಿ ಒಂದು ಸಲ ಓದಿದ. ಮತ್ತೊಂದು ಸಲ ಹಿಡಿದು ಓದಿದ.

ಮುನ್ನೂರ ನಲವತ್ತಾರು.

ಮೂವತ್ತು ವರ್ಷದಲ್ಲಿ ಅವನು ಮೋಟಾರಿನ ತುದಿಯಲ್ಲಿ ನಿಂತು ಅಳೆದಿರಲಿಲ್ಲ. ಪೆಟ್ಟಿಗೆಯಲ್ಲಿ ಸರಿ ಇದ್ದರೆ ಮೋಟಾರಿನಲ್ಲೂ ಸರಿ ಇರುತ್ತದೆ ಎಂದುಕೊಂಡಿದ್ದ. ಅಂಗಡಿಯ ಎರಡು ಮಾರು ತಂತಿಯಲ್ಲಿ ಅದು ನಿಜವೂ ಆಗಿತ್ತು.

"ನಿಲ್ಲಿಸಿ" ಎಂದರು ತೆನ್ಮೊಳಿ. "ಈಗ ಸುಡೋದಕ್ಕೆ ಮೊದಲೇ ನಿಲ್ಲಿಸೋಣ."

ಎಲ್ಲರೂ ವಾಪಸ್ ನಡೆದು ಬಂದು ಮೋಟಾರು ನಿಲ್ಲಿಸಿದ ಮೇಲೆ ಗೋಕಿಲಾ ಸ್ಟಾರ್ಟರ್ ಪೆಟ್ಟಿಗೆ ಇದ್ದ ಚಿಕ್ಕ ಕೋಣೆಯ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಲೆಕ್ಕ ಹಾಕಿದಳು. ಪುಸ್ತಕದ ಹಿಂದಿನ ಪಟ್ಟಿಯಲ್ಲಿ ಈ ದಪ್ಪದ ತಂತಿಗೆ ಕಿಲೋಮೀಟರಿಗೆ ಇಷ್ಟು ಓಮ್ ಎಂದಿತ್ತು. ಒಂಬೈನೂರು ಅಡಿಗೆ ಸುಮಾರು ಎರಡು ಓಮ್. ಒಂಬತ್ತು ಆಂಪಿಯರ್, ಎರಡು ಓಮ್, ಗುಣಿಸಿದರೆ ಹದಿನೆಂಟು. "ಮೂರು ಫೇಸಿಗೆ ಇನ್ನೊಂದು ಗುಣಾಕಾರ ಇದೆ, ಮುಂದಿನ ಪಾಠ" ಎಂದು ತೆನ್ಮೊಳಿ ಹೇಳಿಕೊಟ್ಟರು. ಹದಿನೆಂಟನ್ನು ಸುಮಾರು ಒಂದೂಮುಕ್ಕಾಲರಿಂದ ಗುಣಿಸಿದಾಗ ಮೂವತ್ತೊಂದು ಬಂತು.

ಗೋಕಿಲಾ ಸೀಮೆಸುಣ್ಣ ಹಿಡಿದು ನಿಂತಳು. "ದಾರಿಯಲ್ಲಿ ಮೂವತ್ತೊಂದು ವೋಲ್ಟ್ ಕಳೀಬೇಕು. ಆದರೆ ಕಳೆದಿರೋದು ನಲವತ್ನಾಲ್ಕು. ಇನ್ನು ಹದಿಮೂರು ಎಲ್ಲಿ ಹೋಯಿತು?"

ಈಗ ಮಾತಾಡಿದವನು ವೇಲುಸಾಮಿ. "ಅಕ್ಕಾ, ಕೇಬಲ್ ಒಂದೇ ಉದ್ದದ್ದಾ?"

ಕಮಲಾತಾಳ್ ಸೆರಗು ಸರಿಮಾಡಿಕೊಂಡಳು. "ಒಂದೇ ಉದ್ದದ್ದು ಅಂದರೆ... ಹಳೇದು ಸ್ವಲ್ಪ ಇತ್ತು, ಪಕ್ಕದ ಹೊಲದವರು ಸ್ವಲ್ಪ ಕೊಟ್ಟರು."

ಪೆಟ್ಟಿಗೆ ಪೂರ್ತಿ ಆರಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ವೇಲುಸಾಮಿ ಕೇಬಲ್ ಹಿಡಿದು ಹೊರಟ. ಹತ್ತನೇ ಮರದ ಬುಡದಲ್ಲಿ ಒಂದು ಗಂಟು. ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ಮುಟ್ಟಿದ. ಬೆಚ್ಚಗಿತ್ತು. ಹದಿನೆಂಟನೇ ಮರ, ಇಪ್ಪತ್ತಾರನೇ ಮರ, ಮೂವತ್ತೆರಡನೇ ಮರ. ನಾಲ್ಕು ಗಂಟು. ನಾಲ್ಕೂ ಬೆಚ್ಚಗೆ.

"ಇಲ್ಲಿದೆ ಕಣಮ್ಮ ನಿನ್ನ ಹದಿಮೂರು. ಗಂಟು ಸಡಿಲ, ಕರೆಂಟನ್ನು ತಡೆದು ಬಿಸಿಯಾಗಿದೆ" ಎಂದ ಮಗಳಿಗೆ. ಎಂಟು ದಿನದಲ್ಲಿ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ತೆನ್ಮೊಳಿ ಸ್ಟಾರ್ಟರ್ ಒಳಗಿನ ಚಿಕ್ಕ ತಿರುಗಣೆ ತೋರಿಸಿದರು. ಮೋಟಾರು ಅತಿ ಕರೆಂಟು ಎಳೆದರೆ ತಾನಾಗಿ ನಿಲ್ಲಿಸುವ ಸಾಧನ ಅದು. ಯಾರೋ ಅದನ್ನು ಕೊನೆಯ ಗುರುತಿಗೆ ತಿರುಗಿಸಿದ್ದರು.

"ಅದು ಸುಮ್ಮಸುಮ್ಮನೆ ನಿಂತುಬಿಡ್ತಿತ್ತು" ಎಂದಳು ಕಮಲಾತಾಳ್. "ಅದಕ್ಕೆ ಬಾಯಿ ಮುಚ್ಚಿಸಿದೆ."

"ಅದು ಸುಮ್ಮನೆ ನಿಲ್ಲಲಿಲ್ಲ ಅಕ್ಕಾ" ಎಂದರು ತೆನ್ಮೊಳಿ. "ನೋವಾಗ್ತಿದೆ ಅಂತ ಹೇಳ್ತಿತ್ತು. ವೋಲ್ಟ್ ಕಡಿಮೆ ಆದರೆ ಅದೇ ನೀರೆತ್ತೋದಕ್ಕೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತೆ. ಕಾಯುತ್ತೆ. ಹೇಳೋ ಬಾಯಿನೂ ಮುಚ್ಚಿದರೆ ಸುಡುತ್ತೆ. ಅಣ್ಣನ ಕೈಯಲ್ಲಿ ತಪ್ಪಿಲ್ಲ."

ಕಮಲಾತಾಳ್ ತಮ್ಮನ ಮುಖ ನೋಡಿದಳು. "ಸರಿ ಬಿಡು. ತುರುಬಿನ ಮಾತು ವಾಪಸ್ ತಗೊಂಡೆ. ಈಗ ಏನು ಮಾಡಬೇಕು ಹೇಳು. ನೀನಲ್ಲ, ಅವಳು ಹೇಳಲಿ."

ಗೋಕಿಲಾ ಪಟ್ಟಿಯಲ್ಲಿ ಬೆರಳಿಟ್ಟು ಇನ್ನೂ ದಪ್ಪದ ತಂತಿಗೆ ಲೆಕ್ಕ ಹಾಕಿದಳು. "ಆರು ಎಂಎಂ ಕೇಬಲ್, ಗಂಟಿಲ್ಲದೆ ಒಂದೇ ಉದ್ದ. ಆಗ ದಾರಿಯಲ್ಲಿ ಹದಿಮೂರು ಮಾತ್ರ ಹೋಗುತ್ತೆ. ತಿರುಗಣೆನ ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರ್‌ಗೆ ಇಡಬೇಕು. ಅಲ್ಲಿಯವರೆಗೆ ಮೋಟಾರು ಓಡಿಸಬೇಡಿ ಅತ್ತೆ. ಕಂಬ ಬದಲಿಸೋಕೂ ಬರೆದುಕೊಡಿ."

"ನನ್ನ ಈರುಳ್ಳಿ?"

"ಎರಡು ದಿನ ಅಪ್ಪ ಕೊಡದಲ್ಲಿ ಹೊತ್ತು ಹಾಕ್ತಾನೆ" ಎಂದಳು. ಕಮಲಾತಾಳ್ ನಕ್ಕ ರಭಸಕ್ಕೆ ಬಾವಿ ಕಟ್ಟೆಯ ಮೇಲಿನ ಕಾಗೆ ಎದ್ದುಹೋಯಿತು.

ವಾಪಸ್ ಬರುವಾಗ ಟೆಂಪೊದ ಹಿಂದೆ ನಿಂತು ವೇಲುಸಾಮಿ ಕೇಳಿದ. "ಟೀಚರಮ್ಮ, ಇಷ್ಟು ಕಲಿತರೆ ಇವಳಿಗೆ ಎಲ್ಲಿ ಕೆಲಸ?"

"ಇಷ್ಟೇ ಕಲಿತರೆ ಸಾಲದು, ಇದು ಬರೀ ಶುರು. ಆದರೆ ಈಗ ಮಾಡಿದಳಲ್ಲ, ಅಳೆಯೋದು, ಎಷ್ಟು ಇರಬೇಕು ಅಂತ ಲೆಕ್ಕ ಹಾಕೋದು, ಎರಡಕ್ಕೂ ವ್ಯತ್ಯಾಸ ಬಂದರೆ ಹುಡುಕೋದು, ಕೆಲಸ ಅಂದರೆ ಅದೇ. ಕೊಯಮತ್ತೂರಿನಲ್ಲಿ ಪಂಪು ಮಾಡುವ ಕಡೆ ಪರೀಕ್ಷೆ ಮಾಡೋರು ಬೇಕು. ಗಿರಣಿಯಲ್ಲಿ ಯಂತ್ರ ನಿಂತರೆ ನೋಡೋರು ಬೇಕು. ಸೋಲಾರ್ ಹಲಗೆ ಕೂರಿಸುವಾಗಲೂ ಮೊದಲ ಪ್ರಶ್ನೆ ಇದೇ, ತಂತಿ ಎಷ್ಟು ಉದ್ದ, ಎಷ್ಟು ದಪ್ಪ. ಅವಳ ಅಮ್ಮ ಹೋಗುವ ಬನಿಯನ್ ಕಂಪನಿಯಲ್ಲೂ ಹೊಲಿಗೆ ಯಂತ್ರಗಳ ಹಿಂದೆ ಒಬ್ಬ ಎಲೆಕ್ಟ್ರಿಷಿಯನ್ ಇರ್ತಾರೆ." ಮೀಟರನ್ನು ಚೀಲಕ್ಕೆ ಹಾಕುತ್ತ ಹೇಳಿದರು. "ತಪ್ಪು ನಮ್ಮದೂ ಇದೆ ಅಣ್ಣಾ. ನಾವು ಕರಿಹಲಗೆ ಮೇಲೆ ಸೂತ್ರ ಬರೀತೀವಿ, ಬಾವಿ ಹತ್ತಿರ ಕರೆದುಕೊಂಡು ಬರಲ್ಲ. ಮುಂದಿನ ತಿಂಗಳು ಹುಡುಗಿಯರನ್ನೆಲ್ಲ ನಿಮ್ಮ ಅಂಗಡಿಗೆ ಕರೆತರಲಾ?"

ವೇಲುಸಾಮಿ ಆಗಲಿ ಎಂದು ತಲೆ ಆಡಿಸಿದ.

ಸಂಜೆ ವಳ್ಳಿಯಮ್ಮ ಮಗಳ ಊಟದ ಡಬ್ಬಿ ತೊಳೆದು ಕಂಪನಿ ಚೀಲದಲ್ಲಿ ಇಡುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಕಂಪನಿಗೆ ಹೋದರೆ ಹೋದ ದಿನವೇ ಕೈಗೆ ಕೆಲಸ. ಅದು ಸುಳ್ಳಲ್ಲ. ವೇಲುಸಾಮಿ ಅವಳ ಹತ್ತಿರ ವಾದ ಮಾಡಲಿಲ್ಲ. ಒಂದು ಹಳೆಯ ಮೋಟಾರಿನ ಫಲಕ ಬಿಚ್ಚಿ ತಂದು, ಒರೆಸಿ, ಗೋಕಿಲಾ ಮುಂದೆ ಇಟ್ಟ.

"ಇಲ್ಲಿ ವೋಲ್ಟ್ ಇದೆ. ಇಲ್ಲಿ ಆಂಪಿಯರ್. ಇದು ಕುದುರೆ ಶಕ್ತಿ." ಬೆರಳು ಒಂದು ಮೂಲೆಗೆ ಬಂದು ನಿಂತಿತು. ಅಲ್ಲಿ ಕಾಸ್ ಎಂದು ಬರೆದು, ಪಕ್ಕದಲ್ಲಿ ನಡುವೆ ಗೆರೆ ಎಳೆದ ಸೊನ್ನೆ ಇತ್ತು. "ಇದನ್ನು ಮೂವತ್ತು ವರ್ಷದಿಂದ ನೋಡ್ತಿದ್ದೀನಿ ಕಣಮ್ಮ. ಏನು ಅಂತ ಗೊತ್ತಿಲ್ಲ. ಯಾರನ್ನು ಕೇಳೋದು ಅಂತ ಬಿಟ್ಟುಬಿಟ್ಟೆ. ನಾಳೆ ಟೀಚರಮ್ಮನನ್ನು ಕೇಳಿಕೊಂಡು ಬರ್ತೀಯಾ?"

ಗೋಕಿಲಾ ಫಲಕವನ್ನು ಮಡಿಲಲ್ಲಿಟ್ಟುಕೊಂಡು ಆ ಗೆರೆ ಎಳೆದ ಸೊನ್ನೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಅಮ್ಮನ ಕಡೆ ನೋಡಿದಳು.

ವಳ್ಳಿಯಮ್ಮ ಗಂಡನನ್ನು ನೋಡಿದಳು. ಗಂಡ ಯಾರ ಹತ್ತಿರವಾದರೂ ಗೊತ್ತಿಲ್ಲ ಎಂದದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಕಂಪನಿ ಚೀಲದಿಂದ ಡಬ್ಬಿ ತೆಗೆದು, ಮೂಲೆಯಲ್ಲಿ ಬಿದ್ದಿದ್ದ ಪುಸ್ತಕದ ಚೀಲಕ್ಕೆ ಹಾಕಿದಳು. "ಕಂಪನಿ ವ್ಯಾನಿನವನಿಗೆ ನಾನೊಬ್ಬಳೇ ಬರ್ತೀನಿ ಅಂತ ಹೇಳ್ತೀನಿ" ಎಂದಳು. "ಆದರೆ ಒಂದು. ಮನೆ ಮಿಕ್ಸಿ ಎರಡು ತಿಂಗಳಿಂದ ಕೆಟ್ಟು ಕೂತಿದೆ. ಮೂವತ್ತು ವರ್ಷದ ಅನುಭವ ಇರೋರು ಅದನ್ನು ಮುಟ್ಟಿಲ್ಲ. ನೀನಾದರೂ ಕಲಿತು ನೋಡು."

ಸೋಮವಾರ ಬೆಳಿಗ್ಗೆ ಕಂಪನಿ ವ್ಯಾನು ಬೀದಿ ಕೊನೆಯಲ್ಲಿ ನಿಂತು ಹೊರಟಿತು. ಗೋಕಿಲಾ ಅದನ್ನು ದಾಟಿ ಬಸ್ ನಿಲ್ದಾಣಕ್ಕೆ ನಡೆದಳು.

ಓದುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯಲ್ಲೂ ವಿದ್ಯುತ್ ಪಾಠ ಓದುವ ಮಗಳೋ ಮಗನೋ ಇರಬಹುದು. ಇದರಿಂದ ಏನು ಉಪಯೋಗ ಎಂದು ಅವರ ಮುಂದೆ ಹೇಳುವ ಮೊದಲು ಒಂದು ಸಲ ಪುಸ್ತಕದ ಸಮೇತ ಅವರನ್ನು ನಿಮ್ಮ ಹೊಲದ ಪೆಟ್ಟಿಗೆಯ ಹತ್ತಿರ, ನಿಮ್ಮ ಊರಿನ ವೈಂಡಿಂಗ್ ಅಂಗಡಿಗೆ, ಗಿರಣಿಗೆ ಕರೆದುಕೊಂಡು ಹೋಗಿ. ಕೆಲಸ ಬಲ್ಲವರ ಪಕ್ಕದಲ್ಲಿ ನಿಲ್ಲಿಸಿ. ಕರೆಂಟು ಹರಿಯುವಾಗ ಮುಟ್ಟಲು ಬಿಡಬೇಡಿ, ನೋಡಲಿ, ಬರೆದುಕೊಳ್ಳಲಿ, ಕೇಳಲಿ. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ತರಬೇತಿ ಕೇಂದ್ರದ ಟೀಚರನ್ನು ಕೇಳಿ: ಈ ಪಾಠ ಯಾವ ಕೆಲಸಕ್ಕೆ ಬರುತ್ತದೆ, ಮುಂದೆ ಏನು ಕಲಿಯಬೇಕು, ಎಲ್ಲಿ ಕೆಲಸ ಕಲಿಯಲು ಸೇರಿಸಿಕೊಳ್ಳುತ್ತಾರೆ. ಕೇಳುವುದಕ್ಕೆ ನಾಚಬೇಡಿ. ಸಂಜೆ ಮಕ್ಕಳು ಮನೆಗೆ ಬಂದಾಗ, ಇವತ್ತು ಏನು ಹೇಳಿಕೊಟ್ಟರು ಎಂದು ಕೇಳಿ. ಕೇಳಿ, ಉತ್ತರ ಮುಗಿಯುವ ತನಕ ಕೂತಿರಿ.

ವೇಲುಸಾಮಿ ಈಗ ದಿನಾ ಸಂಜೆ ಕೇಳುತ್ತಾನೆ. ಗೋಕಿಲಾ ಹಲಗೆಯ ಮೇಲೆ ಕೂತು ಹೇಳುತ್ತಾಳೆ. ಒಂದು ಮಾತನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಅದೇ ಕೇಂದ್ರದಲ್ಲಿ, ಅದೇ ಪಾಠಕ್ಕೆ ಅವನಿಗೂ ಸೀಟು ಸಿಕ್ಕಿತ್ತು. ಇದರಿಂದ ಏನು ಉಪಯೋಗ ಎಂದು ಅವನ ಅಪ್ಪ ಕೇಳಿದ್ದರು. ಉತ್ತರ ಗೊತ್ತಿಲ್ಲದೆ ಅವನು ಗೇಟಿನಿಂದಲೇ ವಾಪಸ್ ಬಂದಿದ್ದ.